ಸಹಿ ಹಾಕಿಕೊಡುವ ವಕೀಲೆ

ಹೂಲಿಯ ಹೊರಗಿನ ಎರೆಹೊಲದಲ್ಲಿ ಇನ್ನೂ ನಸುಕು. ವಕೀಲೆ ನೂರಬಿ ನದಾಫ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಇಬ್ಬನಿಗೆ ತೊಯ್ದ ಜೋಳದ ಸಾಲಿನಲ್ಲಿ ನಡೆಯುತ್ತಿದ್ದಾರೆ. ಮುಂದೆ ದಾರಿ ತೋರಿಸುತ್ತಿರುವವಳು ಅವರ ಕಕ್ಷಿದಾರಳು ಕೆಂಚವ್ವ. "ಇಲ್ಲಿ ನೋಡ್ರಿ ಅಕ್ಕಾರ, ಈ ಕಲ್ಲು ನನ್ನ ಗಂಡ ಇರೂತನಕ ಆ ಬೇವಿನ ಗಿಡದ ಬುಡಕ ಇತ್ತು," ಎನ್ನುತ್ತಾಳೆ. ನೂರಬಿ ಬಗ್ಗಿ ಗಡಿಕಲ್ಲನ್ನು ಮುಟ್ಟುತ್ತಾರೆ, ಗಿಡದತ್ತ ಕಣ್ಣು ಹಾಯಿಸುತ್ತಾರೆ. ಬ್ಯಾಗಿನಲ್ಲಿ ಕರಿಕೋಟು ಮಡಚಿಟ್ಟುಕೊಂಡಿದ್ದಾರೆ. ಇಲ್ಲಿಂದ ನೇರ ಕೋರ್ಟಿಗೆ ಹೋಗಬೇಕು.

ಹೊಲ ನೋಡದೆ ಹೊಲದ ದಾವೆ ನಡೆಸುವುದು ಇವರಿಗೆ ಗೊತ್ತಿಲ್ಲ. ಅದೂ ಬೆಳಕು ಹರಿಯುವ ಮುಂಚೆ. ಹೊತ್ತೇರಿದರೆ ಕೆಂಚವ್ವನ ಮೈದುನ ಎತ್ತು ಹೊಡೆದುಕೊಂಡು ಬರುತ್ತಾನೆ. ಆಮೇಲೆ ಅವಳು ಈ ಬದುವಿನ ಮೇಲೆ ಕಾಲಿಡುವಂತಿಲ್ಲ. ಅಣ್ಣ ಸತ್ತ ಮೇಲೆ ಇಡೀ ಹೊಲ ಉಳುತ್ತಿರುವವನು ಅವನೇ. ತನ್ನ ಪಾಲು ಕೇಳಿ ಅವಳು ಹೂಡಿದ ವಾಟ್ನಿ ದಾವೆ ವರ್ಷಗಟ್ಟಲೆ ಎಳೆದು, ಸಾಕ್ಷಿಗಳೆಲ್ಲ ಮುಗಿದು, ಇವತ್ತು ಕೊನೆಯ ವಾದಕ್ಕೆ ಬಂದು ನಿಂತಿದೆ.

ಕೆಂಚವ್ವನಿಗೆ ಇದು ಅನ್ನದ ಪ್ರಶ್ನೆ. ನೂರಬಿಗೂ ಇವತ್ತಿನ ದಿನ ಸಣ್ಣದಲ್ಲ. ಕೋಟು ತೊಟ್ಟು ಹನ್ನೆರಡು ವರ್ಷವಾದರೂ ಒಂದು ಜಮೀನಿನ ದಾವೆಯಲ್ಲಿ ಕೊನೆಯ ವಾದ ಮಾಡುವ ಭಾಗ್ಯ ಅವರಿಗೆ ಬಂದಿಲ್ಲ.

ಯಾಕೆ ಬಂದಿಲ್ಲ ಎಂದು ತಿಳಿಯಲು ಯರಗಟ್ಟಿಯಿಂದ ಶುರು ಮಾಡಬೇಕು. ಅಪ್ಪ ಮೆಹಬೂಬಸಾಬ ಅಲ್ಲಿ ಅರಳೆ ಹಿಂಜಿ ಗಾದಿ ತುಂಬುತ್ತಿದ್ದರು. ಮಂದಿಯ ಮದುವೆಗಳಿಗೆ ಮೆತ್ತನೆಯ ಹಾಸಿಗೆ ಹೊಲಿದುಕೊಟ್ಟು, ತಮ್ಮ ಮಗಳನ್ನು ಬೆಳಗಾವಿಯಲ್ಲಿ ಕಾನೂನು ಓದಿಸಿದರು. ತೊಂಬತ್ತೊಂದರಲ್ಲಿ, ಕೋಟು ತೊಟ್ಟ ಹೊಸತರಲ್ಲಿ, ನೂರಬಿ ಹಿರಿಯರೊಬ್ಬರ ಕೈಕೆಳಗೆ ಕೆಲಸ ಕಲಿಯಲೆಂದು ತಿರುಗತೊಡಗಿದರು. ಒಬ್ಬರು, "ನಮ್ಮ ಕಡೆ ಬರಾವ್ರು ಮರ್ಯಾದಸ್ಥ ಮಂದಿ, ಹೆಣ್ಣಿನ ಮುಂದ ಬಾಯಿ ಬಿಡಂಗಿಲ್ಲ," ಎಂದರು. ಇನ್ನೊಬ್ಬರು ಚಹಾ ಕುಡಿಸಿ, "ನಿಮ್ಮ ಮಂದಿ ವಕೀಲ್ರು ಯಾರೂ ಇಲ್ಲೇನು?" ಎಂದು ಕೇಳಿದರು. ಚಹಾ ಚೆನ್ನಾಗಿತ್ತಂತೆ. ಮೂರನೆಯವರು ಒಳಗೆ ಬಿಟ್ಟುಕೊಂಡರು, ವಾಯಿದೆ ಕೇಳುವ ಕೆಲಸಕ್ಕೆ ಮಾತ್ರ. "'ನಮ್ಮ ಸಾಹೇಬ್ರು ಪರಸ್ಥಳಕ್ಕ ಹೋಗ್ಯಾರ್ರಿ, ಮುಂದಿನ ತಾರೀಖು ಕೊಡ್ರಿ.' ಎಷ್ಟೋ ವರ್ಷ ಕೋರ್ಟಿನ್ಯಾಗ ನಾ ಆಡಿದ್ದು ಇದೊಂದ ಮಾತು," ಎನ್ನುತ್ತಾರೆ ನೂರಬಿ.

ಕೋರ್ಟು ಯಾವುದೆಂದು ಇಲ್ಲಿ ಬರೆಯುವುದು ಬೇಡ, ನಾಳೆ ಅವರು ಅಲ್ಲೇ ಬಾಳಬೇಕು. ಅಲ್ಲಿನ ವಕೀಲರ ಕೋಣೆಯಲ್ಲಿ ಅವರಿಗೊಂದು ಕುರ್ಚಿಯಿಲ್ಲ. ಸ್ವಂತ ಕೇಸು ಹಿಡಿಯತೊಡಗಿದ ಮೇಲೂ ಹೊರಗೆ ಟೈಪಿಸ್ಟರ ತಗಡಿನ ಸೂರಿನ ಕೆಳಗೆ ಕೂರುವ ಬಾಕೇ ಅವರ ಕಚೇರಿ. ಹೆಂಗಸರಿಗೆ ಪಾಯಖಾನೆ ಇಲ್ಲದ್ದರಿಂದ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುವುದಿಲ್ಲ. ಮಹಿಳಾ ದಿನ ಬಂದಾಗ ಮಾತ್ರ ಅದೇ ಕೋಣೆಗೆ ಕರೆದು ಹಾರ ಹಾಕಿ, ಎಲ್ಲ ಜಾತಿ, ಎಲ್ಲ ಮತದ ಹೆಣ್ಣುಮಕ್ಕಳು ಈ ವೃತ್ತಿಗೆ ಬರಬೇಕೆಂದು ಭಾಷಣ ಮಾಡುತ್ತಾರೆ. ಮೂಗಿಗೆ ತುಪ್ಪ ಸವರುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಮರುದಿನ ನೂರಬಿ ಮತ್ತೆ ತಗಡಿನ ಕೆಳಗೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಬೇರೆ ಇದೆ. ಕಕ್ಷಿದಾರ ವಕೀಲರನ್ನು ಬದಲಿಸಬೇಕಾದರೆ ಹೊಸ ವಕಾಲತ್ತಿನ ಮೇಲೆ ಹಳೆಯ ವಕೀಲರು 'ನನ್ನ ಅಭ್ಯಂತರವಿಲ್ಲ' ಎಂದು ಸಹಿ ಹಾಕಿಕೊಡುವುದು ಪದ್ಧತಿ. ದಾವೆ ಹೂಡಿ, ಮನೆಮನೆ ಅಲೆದು ಸಾಕ್ಷಿ ಹುಡುಕಿ, ಪಾಟೀಸವಾಲು ಮುಗಿಸುವವರೆಗೆ ಜನಕ್ಕೆ ನೂರಬಿ ಬೇಕು. ವಾದದ ದಿನ ಬಂದಾಗ ಭಾರೀ ವಕೀಲರು ಬೇಕು, ಆದಷ್ಟೂ ತಮ್ಮವರೇ ಬೇಕು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಹೊಕ್ಕಂತೆ. ನೂರಬಿ ಯಾರಿಗೂ ಸಹಿ ನಿರಾಕರಿಸಿಲ್ಲ. "ತಡದ್ರ ಕೇಸು ನಿಂದರತೈತಿ. ನನ್ನ ಸಿಟ್ಟಿಗೆ ಅವರ ಹೊಲ ಯಾಕ ಹಾಳಾಗಬೇಕು?" ಎನ್ನುತ್ತಾರೆ.

ಕೆಂಚವ್ವ ಮಾತ್ರ ಮಾತು ಕೊಟ್ಟಿದ್ದಳು, "ನನ್ನ ಸಲುವಾಗಿ ನೀವ ನಿಂತು ಮಾತಾಡಬೇಕ್ರಿ," ಎಂದು. ಆ ಮಾತನ್ನು ನಂಬಿ ನೂರಬಿ ವಾರವಿಡೀ ರೊಟ್ಟಿ ತಟ್ಟುತ್ತಲೇ ವಾದ ಒಪ್ಪಿಸಿ ನೋಡಿದ್ದಾರೆ.

ಹನ್ನೊಂದಕ್ಕೆ ಕೋರ್ಟಿನ ಅಂಗಳದಲ್ಲಿ ಕೆಂಚವ್ವನ ಅಣ್ಣ ಶಟ್ಟೆಪ್ಪ ಕಾದು ನಿಂತಿದ್ದಾನೆ. ಕೈಯಲ್ಲಿ ಹೊಸ ವಕಾಲತ್ತು. ಬೈಲಹೊಂಗಲದಿಂದ ನಿಜಗುಣಪ್ಪ ವಕೀಲರನ್ನು ಕರೆಸಿದ್ದಾನೆ. "ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ದುಡದಾವ್ರು ನೀವ. ಆದ್ರ ಅವರು ಎದ್ದು ನಿಂತ್ರ ಜಡ್ಜ ಸಾಹೇಬ್ರು ತಲಿ ಎತ್ತಿ ಕೇಳತಾರ," ಎನ್ನುತ್ತಾನೆ.

ನೂರಬಿ ಕೆಂಚವ್ವನತ್ತ ತಿರುಗುತ್ತಾರೆ. ನಸುಕಿನಿಂದ ಜೊತೆಗಿದ್ದವಳಿಗೆ ಇದು ಗೊತ್ತಿತ್ತೇ ಎಂದು ಅವರ ಮುಖವೇ ಕೇಳುತ್ತಿದೆ. ಕೆಂಚವ್ವ ನೆಲ ನೋಡುತ್ತಾಳೆ. "ನಿನ್ನೆ ಸಂಜಿಕೆ ಅಣ್ಣ ಹೇಳಿದ್ರಿ. ನಿಮಗ ಹೆಂಗ ಹೇಳಲಿ ಅಂತ ಬಾಯಿನ ಬರಲಿಲ್ಲ. ಇದು ಹೋದ್ರ ನನಗ ಮತ್ತ ಹೊಲ ಇಲ್ರಿ."

ನೂರಬಿ ಬಾಕಿನ ಮೇಲೆ ಕಾಗದವಿಟ್ಟು ಸಹಿ ಹಾಕುತ್ತಾರೆ, ವಾದದ ಟಿಪ್ಪಣಿಯಿದ್ದ ಕಡತವನ್ನೂ ಒಪ್ಪಿಸುತ್ತಾರೆ. ನಿಜಗುಣಪ್ಪನವರು ಕೆಟ್ಟವರೇನಲ್ಲ. "ತಂಗಿ, ಸಾಕ್ಷಿ ಭಾಳ ಚಲೋ ಮಾಡೀರಿ, ನನಗ ಕೆಲಸನ ಉಳಿದಿಲ್ಲ," ಎಂದು ಹೊಗಳಿ ಒಳಗೆ ಹೋಗುತ್ತಾರೆ. ಆ ಹೊಗಳಿಕೆ ನೂರಬಿಗೆ ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ.

ವಾದ ಇಂಗ್ಲಿಷಿನಲ್ಲಿ ನಡೆಯುತ್ತದೆ. ನ್ಯಾಯಾಧೀಶರು ನಿಜಕ್ಕೂ ತಲೆ ಎತ್ತಿ ಕೇಳುತ್ತಾರೆ. ಹಿಂದಿನ ಬಾಕಿನಲ್ಲಿ ಕೆಂಚವ್ವ ಮೆಲ್ಲಗೆ ನೂರಬಿಯ ಪಕ್ಕಕ್ಕೆ ಸರಿದು, "ಏನ ಹೇಳಾಕ ಹತ್ಯಾರ್ರಿ ಅಕ್ಕಾರ?" ಎಂದು ಕೇಳುತ್ತಾಳೆ. ನೂರಬಿ ತಮ್ಮದೇ ವಾದವನ್ನು ಅವಳ ಕಿವಿಯಲ್ಲಿ ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳುತ್ತಾರೆ, ಕೊನೆಯ ಮಾತಿನವರೆಗೂ.

ಸಂಜೆ ಯರಗಟ್ಟಿಯ ಬಸ್ಸು ಕಾಯುತ್ತಾ ನಿಂತಾಗ ಕೆಂಚವ್ವನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದರೆ ನೂರಬಿ ಕರಿಕೋಟನ್ನು ಮತ್ತೆ ಬ್ಯಾಗಿನಲ್ಲಿ ಮಡಚಿಡುತ್ತಾರೆ.

"ಆಕಿ ಮ್ಯಾಲ ಯಾಕ ಸಿಟ್ಟರಿ? ನಂದ ಒಂದು ಹೊಲ ಇದ್ದು, ಅದು ಹೋಗೂ ಹೊತ್ತು ಬಂದಿದ್ರ, ನಾನೂ ನೂರಬಿ ವಕೀಲಳನ್ನ ಬಿಟ್ಟು ನಿಜಗುಣಪ್ಪ ಅವರ ಬಾಗಲಕ್ಕ ಹೋಗತಿದ್ದೆ. ಹೊಟ್ಟಿ ಉರಿಯೂದು ಅದಕ್ಕರಿ."