ಬೈಂಡರ್ ತಿಪ್ಪೇಸ್ವಾಮಣ್ಣನ ಗೋಡೆ

ಬೈಂಡರ್ ತಿಪ್ಪೇಸ್ವಾಮಣ್ಣನ ಬೆರಳುಗಳು ಯಾವಾಗಲೂ ನೀಲಿ. ಮೈದಾ ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು, ಅದರ ಬಣ್ಣ. ಹಗಲೆಲ್ಲ ರಿಜಿಸ್ಟರುಗಳಿಗೆ ರಟ್ಟು ಕಟ್ಟುವರು. ಸಂಜೆ ಮಿಕ್ಕ ಅಂಟಿನ ಡಬ್ಬಿ ಹಿಡಿದು, ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ನಮ್ಮ ಓಣಿಯ ಉದ್ದ ಗೋಡೆಯ ಮುಂದೆ ನಿಲ್ಲುವರು. ಹಳೇ ಕ್ಯಾಲೆಂಡರು, ಮದುವೆ ಪತ್ರಿಕೆ, ಬಿತ್ತನೆ ಬೀಜದ ಪೋಸ್ಟರುಗಳನ್ನು ಕತ್ತರಿಸಿ ಓಣಿಯವರನ್ನೆಲ್ಲ ಅಲ್ಲಿ ಹೊಸದಾಗಿ ಹುಟ್ಟಿಸಿದ್ದರು. ಮೇಲೊಂದು ಕೈ ವಾರ್ನಿಶ್. ದುರ್ಗದ ಮಳೆಗೆ ಅಷ್ಟು ಸಾಕು.

ಮುಖ ಮಾತ್ರ ನಮ್ಮದು, ಮಿಕ್ಕ ಮೈ ಅವರ ಮರ್ಜಿ. ನೀರಿಗೆ ಕಾದು ಕಾದು ಜಗಳಗಂಟಿಯಾದ ಗಂಗಮ್ಮನ ಕತ್ತಿನಿಂದ ಮೂರು ನಲ್ಲಿ ಹೊರಟಿದ್ದವು. ಕುರಿ ಮಾರಿ ಆಟೊ ಕೊಂಡ ಈರಣ್ಣನ ಆಟೊಗೆ ಚಕ್ರದ ಬದಲು ಕುರಿಯ ಕಾಲು. ಮಂಡಿನೋವಿನಿಂದ ಹೊಸಿಲು ದಾಟಲೂ ಒದ್ದಾಡುತ್ತಿದ್ದ ನಮ್ಮವ್ವನಿಗೆ ಕೊಕ್ಕರೆಯ ಕಾಲು. ಒಂದೇ ಹೆಜ್ಜೆಗೆ ಕೋಟೆಯ ಬತೇರಿ ದಾಟುವಷ್ಟು ಉದ್ದ. ಡಾಕ್ಟರು ನಡೆಯಿರಿ ಎಂದರೆ ನಡೆಯದವಳು, ಆ ಕಾಲು ನೋಡಲು ದಿನಾ ಕೋಲೂರಿಕೊಂಡು ಹೋಗಿ ಬರುತ್ತಿದ್ದಳು.

ಕೇಳದೆ ಯಾರ ಮುಖವನ್ನೂ ಅವರು ಮುಟ್ಟಿದವರಲ್ಲ. ಬಾಗಿಲಿಗೆ ಬಂದು, "ನಿನ್ ಮುಖ ಕೊಡ್ತೀಯೇನವ್ವ" ಎಂದು ಕೇಳಿಯೇ ಫೋಟೊ ಇಸಿದುಕೊಳ್ಳುವರು. ಸತ್ತವರ ಫೋಟೊಗೆ ಮಾತ್ರ ಕತ್ತರಿ ಹಾಕುತ್ತಿರಲಿಲ್ಲ. ಹಾಗೆಯೇ, ಬದುಕಿದ್ದಾಗ ಅಂಟಿಸಿದ್ದನ್ನು ಸತ್ತ ಮೇಲೆ ಕೀಳುತ್ತಲೂ ಇರಲಿಲ್ಲ. ಹಾಗಾಗಿ ಅವ್ವ ತೀರಿಕೊಂಡ ಮೇಲೂ ಗೋಡೆಯ ಮೇಲೆ ನಡೆಯುತ್ತಲೇ ಇದ್ದಳು. ಶಾಲೆಗೆ ಪಾಠ ಹೇಳಲು ಹೋಗುವಾಗ ಅವಳ ಮುಖ ನೋಡಿಕೊಂಡೇ ನಾನು ಹೋಗುತ್ತಿದ್ದೆ.

ಹೋದ ವರ್ಷ ಯಾರೋ ದೊಡ್ಡವರು ಬರುತ್ತಾರೆಂದು ಊರಿನ ಗೋಡೆಗಳನ್ನು ಅಂದಗೊಳಿಸುವ ಹುಚ್ಚು ಹತ್ತಿತು. ನಾಲ್ವರು ಬಕೆಟ್ಟು, ಬ್ರಶ್ಶು ಹಿಡಿದು ಬಂದರು. ಬಿರುಕು ಮುಚ್ಚುತ್ತಾರೆಂದುಕೊಂಡು ನಾನೇ, ಕೈಯಾರೆ, ಅವರಿಗೆ ಟೀ ಕೊಟ್ಟು ಶಾಲೆಗೆ ಹೋದೆ. ಸಂಜೆ ಬರುವಷ್ಟರಲ್ಲಿ ಎಲ್ಲರನ್ನೂ ಕೆರೆದು ಸುಣ್ಣ ಬಳಿದಾಗಿತ್ತು. ಮಾರನೆಯ ದಿನ ಅದರ ಮೇಲೆ ಏನು ಬರೆದರು ಗೊತ್ತೆ? ಕೋಟೆ! ಕತ್ತೆತ್ತಿದರೆ ನಿಜವಾದ ಕೋಟೆ ಕಾಣುವ ಓಣಿಯಲ್ಲಿ ಬಣ್ಣದ ಕೋಟೆ. ಕೇಳಲು ಹೋದರೆ ನಗರಸಭೆ ಕಚೇರಿಯಲ್ಲಿ ಒಬ್ಬರು, ಕಸ ತೆಗೆಸಿದ್ದೇವೆ ಎಂದರು. ನಮ್ಮವ್ವ ಕಸವಂತೆ. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಅವ್ವನ ಇನ್ನೊಂದು ಫೋಟೊ ಹಿಡಿದು ತಿಪ್ಪೇಸ್ವಾಮಣ್ಣನ ಅಂಗಡಿಗೆ ಓಡಿದೆ. ಮತ್ತೆ ಅಂಟಿಸಿಕೊಡಿ ಎಂದು ಅತ್ತೆ. ಅವರು ಫೋಟೊವನ್ನು ಪಂಚೆಯಿಂದ ಒರೆಸಿ, ತುಂಬ ಹೊತ್ತು ನೋಡಿ, ನನ್ನ ಕೈಗೇ ಕೊಟ್ಟರು.

"ಸತ್ತೋರಿಗೆ ಕತ್ತರಿ ಹಾಕಲ್ಲ ಕಣವ್ವ. ಕೋಟೆ ಎಲ್ಲಿಗೋಗ್ತೈತೆ, ಇನ್ನೂ ನೂರ್ ಸಲ ಬರೀಬೌದು. ನಿಮ್ಮವ್ವನ್ನ ಒಂದೇ ಸಲ ಮಾಡಾಕಾಗೋದು."

ನಿಮಗಿಂತ ಆ ಸುಣ್ಣದವರೇ ವಾಸಿ ಎಂದು ಕೂಗಾಡಿ ಬಂದೆ. ಆಮೇಲೆ ಅವರನ್ನು ಮಾತಾಡಿಸಲಿಲ್ಲ. ಈ ಬೇಸಿಗೆಯಲ್ಲಿ ಅವರೂ ಹೋದರು.

ಆ ಬಣ್ಣದ ಕೋಟೆಯ ನೆತ್ತಿಯ ಮೇಲೇ ತಿಪ್ಪೇಸ್ವಾಮಣ್ಣನನ್ನು ಅಂಟಿಸೋಣ, ಯಾರು ಬಂದು ತಡೆಯುತ್ತಾರೋ ನೋಡೋಣ ಎಂದು ಓಣಿಯವರೆಲ್ಲ ಸೇರಿದೆವು. ಗಂಗಮ್ಮ ಅಂಟು ಕಾಸಿದಳು. ಈರಣ್ಣ ಎಲ್ಲಿಂದಲೋ ಅವರ ಫೋಟೊ ತಂದ. ಕತ್ತರಿ ನನ್ನ ಕೈಗೆ ಬಂತು.

ಕತ್ತರಿಸಲು ಆಗಲಿಲ್ಲ. ಓಣಿಯ ಒಬ್ಬೊಬ್ಬರ ಬಾಗಿಲಿಗೂ ಬಂದು ಮುಖ ಕೇಳಿದ ಮನುಷ್ಯ; ಅವರು ಬದುಕಿದ್ದಾಗ, ನಿಮ್ಮ ಮುಖ ಕೊಡ್ತೀರಾ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.