ಕೆರೆದುಹಾಕಿದ ಹೆಸರು

ಶೇಕ್ದಾರರು ಕಾಗದವನ್ನು ಎದುರಿಗಿಟ್ಟುಕೊಂಡು ಓದುತ್ತಿರಲಿಲ್ಲ. ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಎಡಗಣ್ಣು ಮುಚ್ಚಿ, ಮೊದಲು ಹಿಂಬದಿ ನೋಡುತ್ತಿದ್ದರು. ಮದುವೆ ಕಾರ್ಡ್ ಕೊಟ್ಟರೂ ಅಷ್ಟೆ. "ಸೀಲ್ ಇದ್ದಿದ್ದೆಲ್ಲಾ ಸತ್ಯ ಅಲ್ಲ ಮೇಡಂ" ಎನ್ನುವರು. ರಾಜಾಜಿನಗರದಲ್ಲಿ ನಮ್ಮ ಪಕ್ಕದ ಮನೆ ಕೊಂಡು ಬರುವಷ್ಟರಲ್ಲಿ ಅವರು ರೆವಿನ್ಯೂ ಇಲಾಖೆಯಿಂದ ರಿಟೈರ್ ಆಗಿದ್ದರು. ಅನುಮಾನ ಮಾತ್ರ ಇನ್ನೂ ಸರ್ವಿಸ್‌ನಲ್ಲಿತ್ತು.

ನನಗೂ ಅವರ ಮೇಲೊಂದು ಅನುಮಾನ. ಮೈಸೂರು ರಸ್ತೆ ಕಡೆಯ ನಮ್ಮೂರಿಗೆ ಅವರು ಶೇಕ್ದಾರರಾಗಿದ್ದ ಕಾಲದಲ್ಲೇ ನಮ್ಮಪ್ಪ ತೀರಿಕೊಂಡದ್ದು, ಅಣ್ಣಂದಿರು ಜಮೀನಿಗಾಗಿ ವಂಶವೃಕ್ಷ ಮಾಡಿಸಿದ್ದು. ಅದರಲ್ಲಿ ನನ್ನ ಹೆಸರೇ ಇಲ್ಲವೆಂದು ತಿಳಿಯುವ ಹೊತ್ತಿಗೆ ಅಲ್ಲಿ ಲೇಔಟ್ ಎದ್ದಿತ್ತು. ಸಹಿ ಯಾರದೋ ನಾನು ನೋಡಿರಲಿಲ್ಲ. ಎಂಟು ವರ್ಷ ಕಾಂಪೌಂಡಿನ ಮೇಲಿಂದ ಅವರಿಗೆ ಕರಿಬೇವು ಕೊಟ್ಟೆ. ಕೇಳುವುದಕ್ಕೆ ಕಾನ್ವೆಂಟಿನ ಮ್ಯಾನರ್ಸ್ ಅಡ್ಡ ಬಂತು.

ಹೋದ ವರ್ಷ ಅಮೆರಿಕದಿಂದ ಒಂದು ಲೆಟರ್ ಬಂತು. ಬರೆದವಳು ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಅಮೆರಿಕನ್ ಸಿಸ್ಟರ್‌ನ ತಮ್ಮನ ಮೊಮ್ಮಗಳು. ಒಹಾಯೋದ ಹಳ್ಳಿಯೊಂದರಲ್ಲಿ ನೂರೈವತ್ತು ವರ್ಷದ ಹಿಂದೆ ಬೇಸಾಯ ಮಾಡಿಕೊಂಡಿದ್ದ ಸಿಸ್ಟರ್‌ನ ಅಜ್ಜಿ ಮಾರ್ಥಾಳ ಫ್ಯಾಮಿಲಿ ಹಿಸ್ಟರಿ ಹುಡುಕುತ್ತಿದ್ದಳು. ಮಾರ್ಥಾಗೆ ಐದೂ ಗಂಡುಮಕ್ಕಳೇ ಎಂದು ಅವಳ ಪಟ್ಟಿ. ಮಾರ್ಥಾಳ ಪ್ರೇಯರ್ ಬುಕ್ಕನ್ನು ಸಿಸ್ಟರ್ ನನಗೆ ಕೊಟ್ಟದ್ದು ನಾನು ಅವರಿಗೆ ಬರೆದ ಹಳೇ ಕಾಗದಗಳಿಂದ ಗೊತ್ತಾಗಿ, ಅದರಲ್ಲೇನಾದರೂ ಬರೆದಿದೆಯೇ ಎಂದು ಕೇಳಿದ್ದಳು.

ಮೊದಲ ಹಾಳೆಯಲ್ಲಿ ಮಕ್ಕಳ ಹೆಸರುಗಳಿದ್ದವು. ಮೇಲಿನ ಸಾಲು ಮಾಸಿತ್ತು. ಹಳೇ ಕಾಗದವೆಂದರೆ ಶೇಕ್ದಾರರೇ. ಲೆಟರನ್ನೂ ಪುಸ್ತಕವನ್ನೂ ಹಿಡಿದು ಅವರ ಮನೆಗೆ ಹೋದೆ.

"ಫಾರಿನ್ ಲೆಟರ್ರಾ? ಸೈನ್ ಗೀನ್ ಹಾಕ್ಬಿಟ್ಟೀರಾ! ಆಯಮ್ಮಂಗೆ ಏನ್ ಬೇಕಂತೆ, ಜಮೀನಾ?"

"ಅಜ್ಜಿ ಬೇಕಂತೆ."

"ಅಜ್ಜಿ ಬೇಕು ಅಂತ ಯಾರೂ ಅರ್ಜಿ ಹಾಕಲ್ಲ ಮೇಡಂ."

ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ಮಾಸಿದ್ದಲ್ಲ. ಕೆರೆದಿದ್ದಾರೆ."

ಕನ್ನಡಕ ಒರೆಸಿಕೊಂಡು ಆ ಕರ್ಸಿವ್ ಗೀರುಗಳನ್ನು ಕೂಡಿಸಿದೆ: ರೆಬೆಕಾ. ಎಲ್ಲರಿಗಿಂತ ಹಿರಿಯವಳು. "ಪಾಪ, ಮಗು ಸತ್ತಿರಬೇಕು," ಎಂದೆ.

"ಸತ್ತೋರನ್ನ ಯಾರೂ ಕೆರೆಯಲ್ಲ. ಪಕ್ಕದಲ್ಲಿ ಮೃತ ಅಂತ ಬರೀತಾರೆ. ಕೆರೆಯೋದು ಪಾಲು ಕೇಳೋರನ್ನ."

"ನಿಮಗೆ ಚೆನ್ನಾಗಿ ಗೊತ್ತು." ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ನಮ್ಮಪ್ಪನ ವಂಶವೃಕ್ಷಕ್ಕೆ ಸೈನ್ ಹಾಕಿದ್ಯಾರು?"

ನೆನಪಿಲ್ಲ ಎನ್ನಬಹುದಿತ್ತು. ಸಾವಿರಾರು ಕಾಗದ ಕಂಡವರು. ನಾನು ನಂಬುತ್ತಿದ್ದೆ ಕೂಡ. ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು.

"ನಾನೇ. ಹೆಣ್ಣುಮಕ್ಕಳಿಲ್ಲ ಅಂತ ನಿಮ್ಮಣ್ಣ ಹೇಳಿಕೆ ಕೊಟ್ಟ. ಎಲ್ಲಾನೂ ಹಿಂದೆ ಮುಂದೆ ನೋಡೋನು, ಅವತ್ತು ನೋಡ್ಲಿಲ್ಲ. ಇಲ್ಲಿಗೆ ಬಂದ್ಮೇಲೆ ನೀವ್ಯಾರು ಅಂತ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ ಮೇಡಂ."

ಒಂದು ತಿಂಗಳು ನಾನು ಕರಿಬೇವು ಕೊಡಲಿಲ್ಲ. ಆಮೇಲೆ ಕೊಟ್ಟೆ. ನನಗೆ ನಿಜ ಹೇಳಿದವರು ಅವರೊಬ್ಬರೇ. ನಮ್ಮಣ್ಣಂದಿರು ಸಾಯುವತನಕ ಹೇಳಲಿಲ್ಲ. ಒಹಾಯೋಗೆ ಮಾತ್ರ ಅವತ್ತೇ ಬರೆದೆ: ಮಾರ್ಥಾಗೆ ಒಬ್ಬ ಮಗಳಿದ್ದಳು.

ಈ ಆಷಾಢದಲ್ಲಿ ಶೇಕ್ದಾರರು ಹೋದರು. ವೈಕುಂಠ ಸಮಾರಾಧನೆಯ ಕಾರ್ಡಿನ ಪ್ರೂಫ್ ನೋಡಿಕೊಡಿ ಎಂದು ಅವರ ಮಗ ತಂದ. ಕೆಳಗೆ ಇಬ್ಬರು ಗಂಡುಮಕ್ಕಳ ಹೆಸರು, ಸೊಸೆಯರ ಹೆಸರು.

"ನಿಮ್ಮಕ್ಕನ ಹೆಸರೆಲ್ಲಪ್ಪಾ?"

"ಅವಳನ್ನ ಕೊಟ್ಟಾಗಿದೆಯಲ್ಲ ಆಂಟಿ."

ಪೆನ್ನು ತೆಗೆದು ಅವಳ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದೆ. ಅಷ್ಟಕ್ಕೆ ನಂಬಿ ಬಿಡಲಿಲ್ಲ. ಪ್ರಿಂಟಿಗೆ ಹೋಗುವ ಮೊದಲು ಇನ್ನೊಂದು ಪ್ರೂಫ್ ತಂದು ತೋರಿಸೆಂದೆ.