ಗುಡ್ಡದ ಬುಡದ ಬರಿನೆಲ

ಸುರಪುರದ ಕಡೆಯ ನಮ್ಮೂರಿಗೆ ಕುಡಿಯುವ ನೀರೆಂದರೆ ಗುಡ್ಡದ ಬುಡದ ಒರತಿ ಒಂದೇ. ಗುಡ್ಡದ ಹುಲ್ಲು ಸುಟ್ಟರೆ ಮಣ್ಣು ಕೊಚ್ಚಿ ಬಂದು ಒರತಿ ಮುಚ್ಚುತ್ತದೆ ಎಂದು ಊರಿಗೆ ಕಲಿಸಿದವನು ನನ್ನ ಸೋದರಮಾವ. ಹೊಲದ ಕೂಳೆ ಸುಡುವಾಗ ಬೆಂಕಿ ಮೇಲೇರಬಾರದೆಂದು, ಹೊಲಕ್ಕೂ ಗುಡ್ಡಕ್ಕೂ ನಡುವೆ ಹುಲ್ಲು ಕೀಳಿಸಿ ಬರಿನೆಲದ ಪಟ್ಟಿ ಮಾಡಿಸುತ್ತಿದ್ದವನೂ ಅವನೇ. ನಿಜಾಮರ ಆಳಿಕೆಯ ಕೊನೆಯ ದಿನಗಳು. ಯಾವ ಸಾಹೇಬನಿಗೂ ನಮ್ಮ ಗುಡ್ಡದ ಗೊಡವೆ ಇರಲಿಲ್ಲ. ಕಾಯುವವರು ನಾವೇ ಹೆಂಗಸರು, ಕುಡುಗೋಲು ಹಿಡಿದು.

ಆ ವರ್ಷ ನನಗೆ ಹದಿನಾರು. ಮಾವ ತನ್ನ ಹೊಲದ ಅಂಚಿಗೆ ಬಂದು, "ಇಲ್ಲಿ ಇನ್ನೆರಡು ಮೊಳ ಅಗಲ ಮಾಡ್ರಿ. ನಮ್ಮ ಸೊಸಿ ಕೈ ನೋಡ್ರಿ, ಏನ್ ಚುರುಕದ!" ಎಂದ. ಅವನ ಮಗನಿಗೆ ನನ್ನನ್ನು ಕೊಡುವ ಮಾತು ಆಗಿತ್ತು. ಹೊಗಳಿಕೆಗೆ ಉಬ್ಬಿ, ಅಂಗೈ ಬೊಬ್ಬೆ ಎದ್ದರೂ ನಾಲ್ಕು ಮೊಳ ಕಿತ್ತೆ.

ಹೋಳಿ ಮುಗಿದ ವಾರ, ಬೆಳಿಗ್ಗೆ ಅವ್ವ ಮತ್ತು ನಾನು ಒರತಿಯಲ್ಲಿ ನೀರು ತುಂಬುತ್ತಿದ್ದಾಗ ಮಾವ ಗುಡ್ಡ ಇಳಿದು ಬಂದ. ಬೆನ್ನ ಹಿಂದೆ ಹೊಗೆ. ನಮ್ಮನ್ನು ನೋಡಿ ಬೆದರಲೂ ಇಲ್ಲ. "ಹಳೇದು ಸುಟ್ರ ಮಳಿಗಿ ಎಳಿ ಹುಲ್ಲು ಬರ್ತದ ತಂಗೆವ್ವ. ನನ್ನ ಕುರಿ ಏನ್ ತಿನ್ನಬೇಕು?" ಎಂದು ಹೇಳಿ ಹೋದ. ಸಂಜೆಯವರೆಗೆ ಗುಡ್ಡ ಉರಿಯಿತು. ಕೆಳಗಿಳಿದ ಬೆಂಕಿ ನಾನು ಅಗಲ ಮಾಡಿದ್ದ ಪಟ್ಟಿಯ ಹತ್ತಿರ ನಿಂತಿತು. ಅದರಾಚೆ ಅವನ ಜೋಳದ ಕಣಿಕೆಯ ಬಣವೆ ಕೂದಲೂ ಕೊಂಕದೆ ಉಳಿದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಗೆ ದುಡಿದವಳು ನಾನು.

ಬೆಂಕಿ ಬಿದ್ದ ಬೆಳಿಗ್ಗೆ ಒರತಿಗೆ ಹೋದವರು ನಾವೇ ಎಂದು ಮರುದಿನ ಹಿರಿಯರು ಅವ್ವನನ್ನು ಚಾವಡಿಗೆ ಕರೆಸಿ ಕೇಳಿದರು. "ನಾ ಯಾರನ್ನೂ ನೋಡಿಲ್ರಿ. ಯಾರೋ ದಾರಿಹೋಕರು ಬೀಡಿ ಒಗದಿರಬೇಕು" ಎಂದಳು. ಅಲ್ಲೇ ಕೂತಿದ್ದ ಮಾವ ಹೌದೆಂದು ತಲೆದೂಗಿದ. ಜೊತೆಗೆ ಹೋಗಿದ್ದ ನಾನು ಬಾಯಿ ತೆರೆದೆ. ಅವ್ವ ರಟ್ಟೆ ಚಿವುಟಿದಳು. "ನಾಳಿ ನೀ ಸೇರೋ ಮನಿ ಅದ" ಎಂದು ದಾರಿಯಲ್ಲಿ ಹೇಳಿದಳು. ಮಾವನ ಮೇಲಿನ ಸಿಟ್ಟು ಕಾಲ ಕಳೆದಂತೆ ಇಳಿಯಿತು. ಅವ್ವ ಮಾಡಿದ್ದನ್ನು ಮಾತ್ರ ಇವತ್ತಿಗೂ ನುಂಗಲಾಗಿಲ್ಲ.

ಮೊದಲ ಮಳೆಗೇ ಕರಿ ನೀರು, ಮಣ್ಣು, ಕಲ್ಲು ಇಳಿದು ಒರತಿ ಹೂತುಹೋಯಿತು. ಮೂರು ಸಲ ತೋಡಿದರೂ ಕೆಸರು ಬಿಟ್ಟು ಏನೂ ಸಿಗಲಿಲ್ಲ. ಮುಂದಿನ ವೈಶಾಖದಲ್ಲಿ ನನ್ನ ಮದುವೆಯಾಯಿತು. ಮಾವನ ಮನೆಗೆ ಹೋದ ಮರುದಿನ ಅವನೇ ಕೊಡ ತಂದು ನನ್ನ ಕೈಗೆ ಕೊಟ್ಟು, ಹರದಾರಿ ದೂರದ ಹೊಳೆಯ ದಾರಿ ತೋರಿಸಿದ.

"ಒರತಿ ಕಡಿಗಿ ಹೋಗಬ್ಯಾಡವಾ, ಅಲ್ಲಿ ನೀರಿಲ್ಲ" ಎಂದ, ಊರಿಗೆ ಹೊಸದಾಗಿ ಬಂದವಳಿಗೆ ಹೇಳುವಂತೆ.